ಚರ್ಚಾಕೂಟಕ್ಕೂ ಒಂದು ಚುನಾವಣೆ

ನಮ್ಮ ವಾಚನಾಲಯದ ಮೇಜಿನ ಮೇಲೆ ಒಂದು ಸಲಹಾ ಪುಸ್ತಕ ಉಂಟು. ಇಂಥ ವಾರಪತ್ರಿಕೆ ತರಿಸಿರಿ, ಮಕ್ಕಳಿಗೆ ಬೇರೆ ಮೇಜು ಹಾಕಿಸಿರಿ ಎಂದು ವಾಚಕರು ಅದರಲ್ಲಿ ಬರೆಯುವುದು ವಾಡಿಕೆ. ಕೋರಿಕೆ ನ್ಯಾಯವಾದದ್ದೇ ಇರುತ್ತದೆ. ಆದರೂ ಕಾರ್ಯಕಾರಿ ಸಮಿತಿಯಲ್ಲಿ ಮೊದಲು ಏಳುವ ಪ್ರಶ್ನೆ ‘ಓದುವವರು ಎಷ್ಟು ಜನ?’ ಎಂಬುದು, ಅದರ ಬೆನ್ನಿಗೇ ‘ಇಡುವುದು ಯಾವ ಕಪಾಟಿನಲ್ಲಿ?’ ಎಂಬುದು. ಇವೆರಡೇ ಪ್ರಶ್ನೆಗಳನ್ನು ಹಿಡಿದುಕೊಂಡು, ಒಬ್ಬರ ಮುಖವನ್ನೊಬ್ಬರು ಕಾಣದ ಸಾವಿರಾರು ಜನ ವರ್ಷಾನುಗಟ್ಟಲೆ ಮತ ಹಾಕುತ್ತ ಹೋದ ಒಂದು ವೃತ್ತಾಂತವಿದೆ. ಅದು ಯೂಸ್‌ನೆಟ್ ಎಂಬ ಗಣಕಜಾಲದ್ದು. ಇಂದಿನ ತರುಣರು ಅದರ ಹೆಸರನ್ನೇ ಕೇಳಿರಲಾರರು. ಅಂಗೈಯಲ್ಲಿ ಹಿಡಿದ ಫೋನಿನಲ್ಲಿ ಅರೆಗಳಿಗೆಯಲ್ಲಿ ಒಂದು ‘ಗ್ರೂಪ್’ ಕಟ್ಟಿಬಿಡುವ ಈ ಕಾಲದಲ್ಲಿ, ಹೊಸದೊಂದು ಚರ್ಚಾಕೂಟ ತೆರೆಯಲು ತಿಂಗಳುಗಟ್ಟಲೆ ವಾದಿಸಿ ಮತ ಎಣಿಸುತ್ತಿದ್ದರೆಂದರೆ ನಂಬುವುದು ತುಸು ಕಷ್ಟ. ಆದ್ದರಿಂದಲೇ ಆ ಪದ್ಧತಿಯನ್ನು ನಮ್ಮ ವಾಚಕರಿಗೆ ಸ್ವಲ್ಪ ವಿವರವಾಗಿ ತಿಳಿಸಬೇಕೆನಿಸಿತು.

1979ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾನಿಲಯದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳಿಗೆ ಈ ಯೋಚನೆ ಹೊಳೆಯಿತು. ಪಕ್ಕದ ವಿಶ್ವವಿದ್ಯಾನಿಲಯದಲ್ಲಿದ್ದ ಸ್ಟೀವ್ ಬೆಲೊವಿನ್ ಅದಕ್ಕೆ ಮೊದಲ ಕ್ರಮವಿಧಿಯನ್ನು ಬರೆದರು. 1980ರಲ್ಲಿ ಅದು ಹೊರಗಿನವರಿಗೂ ತೆರೆಯಿತು. ಏರ್ಪಾಡು ಸರಳವಾದದ್ದು: ಒಂದು ಗಣಕಯಂತ್ರ ಇನ್ನೊಂದಕ್ಕೆ ದೂರವಾಣಿ ಮಾಡಿ, ತನ್ನಲ್ಲಿ ಬಂದ ಓಲೆಗಳನ್ನು ಅದಕ್ಕೆ ದಾಟಿಸುವುದು, ಅದು ಮತ್ತೊಂದಕ್ಕೆ ದಾಟಿಸುವುದು. ಒಂದೂರಿನ ಫಲಕಕ್ಕೆ ಅಂಟಿಸಿದ ಚೀಟಿಯ ಪ್ರತಿ ದಿನ ಕಳೆಯುವುದರೊಳಗೆ ನೂರೂರುಗಳ ಫಲಕಗಳ ಮೇಲೆ ಇರುತ್ತಿತ್ತು. ಕೇಂದ್ರ ಕಚೇರಿ ಎಂಬುದಿಲ್ಲ, ಅಧ್ಯಕ್ಷರೆಂಬವರಿಲ್ಲ. ಚೀಟಿಗಳು ಕಲಸುಮೇಲೋಗರವಾಗದಂತೆ ವಿಷಯಕ್ಕೊಂದರಂತೆ ಕೂಟಗಳನ್ನು ಮಾಡಿದ್ದರು.

ಯಾರು ಬೇಕಾದರೂ ಕೂಟ ತೆರೆದರೆ ಆಗುವ ನಷ್ಟವೇನು ಎಂದು ಕೇಳಬಹುದು. ನಷ್ಟ ದೂರವಾಣಿಯ ಬಿಲ್ಲಿನಲ್ಲಿತ್ತು. ಪ್ರತಿಯೊಂದು ಕೂಟದ ಪ್ರತಿಯೊಂದು ಓಲೆಯೂ ಪ್ರತಿಯೊಂದು ಗಣಕಕ್ಕೂ ಹೋಗಬೇಕು. ಅದನ್ನು ಸಾಗಿಸುವ ಖರ್ಚೂ ಇರಿಸಿಕೊಳ್ಳುವ ಜಾಗವೂ ಆಯಾ ಸಂಸ್ಥೆಯವೇ. ದೊಡ್ಡ ಭಾರವನ್ನೆಲ್ಲ ಹೊತ್ತ ಕೆಲವೇ ಗಣಕಗಳಿಗೆ ‘ಬೆನ್ನೆಲುಬು’ ಎಂದೇ ಹೆಸರು. ಅವುಗಳ ಮೇಲ್ವಿಚಾರಕರ ಮಾತಿಗೆ ಸಹಜವಾಗಿಯೇ ತೂಕ ಹೆಚ್ಚು. 1986-87ರಲ್ಲಿ ಅವರು ಮುಂದೆ ನಿಂತು ಎಲ್ಲ ಕೂಟಗಳ ಹೆಸರುಗಳನ್ನೂ ಬದಲಿಸಿ ಏಳು ಕವಲುಗಳಾಗಿ ವಿಂಗಡಿಸಿದರು. ಗಣಕಕ್ಕೆ ಕಾಂಪ್, ವಿಜ್ಞಾನಕ್ಕೆ ಸೈ, ವಿನೋದ ಹವ್ಯಾಸಗಳಿಗೆ ರೆಕ್, ಸಮಾಜ ಸಂಸ್ಕೃತಿಗಳಿಗೆ ಸೋಕ್, ಬಿಸಿಬಿಸಿ ವಾಗ್ವಾದಕ್ಕೆ ಟಾಕ್, ಜಾಲದ ಸ್ವಂತ ವಿಚಾರಕ್ಕೆ ನ್ಯೂಸ್, ಉಳಿದದ್ದಕ್ಕೆ ಮಿಸ್ಕ್. 1995ರಲ್ಲಿ ಮಾನವಿಕ ವಿಷಯಗಳಿಗೆಂದು ಎಂಟನೆಯ ಕವಲು ಕೂಡಿತು. ಈ ವಿಂಗಡಣೆ ಬರಿಯ ಅಚ್ಚುಕಟ್ಟಿಗಾಗಿ ಆದದ್ದಲ್ಲ. ಜಗಳದ ಮಾತುಗಳನ್ನೆಲ್ಲ ಒಂದೇ ಕವಲಿನಲ್ಲಿ ಕಟ್ಟಿಹಾಕಿದರೆ, ಸಮುದ್ರದಾಚೆಯ ಸಾಗಣೆಗೆ ದುಡ್ಡು ತೆರಲೊಲ್ಲದ ಯುರೋಪಿನವರು ಆ ಕವಲನ್ನೇ ಕೈಬಿಡಬಹುದು ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಎಂದರೆ, ಕೂಟದ ಹೆಸರಿನ ಮೊದಲ ತುಂಡು ಆ ಕೂಟ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ನಿರ್ಧರಿಸುತ್ತಿತ್ತು. ಮುಂದೆ ಹೆಸರಿಗಾಗಿ ಅಷ್ಟೊಂದು ಕಿತ್ತಾಟ ನಡೆದದ್ದೇಕೆಂಬುದು ಇದರಿಂದ ತಿಳಿಯುತ್ತದೆ.

ಮತದಾನದ ಪದ್ಧತಿ ಬಲಿತ ಮೇಲೆ ಅದು ನಡೆಯುತ್ತಿದ್ದ ಬಗೆ ಹೀಗೆ. ಕೂಟ ಬೇಕೆನ್ನುವವರು ಮೊದಲು ಅದರ ಹೆಸರು, ಉದ್ದೇಶ, ಓಲೆಗಳನ್ನು ಸೋಸುವ ಸಂಪಾದಕರು ಇರುವರೋ ಇಲ್ಲವೋ ಎಂಬುದನ್ನೆಲ್ಲ ಬರೆದು ‘ಚರ್ಚೆಗೆ ಕೋರಿಕೆ’ ಎಂಬ ಪ್ರಕಟಣೆ ಕೊಡಬೇಕು. ಈ ಪ್ರಕಟಣೆಗಳಿಗೆಂದೇ ಒಂದು ಕೂಟ, ಅವುಗಳ ಮೇಲಿನ ವಾದಕ್ಕೆ ಇನ್ನೊಂದು ಕೂಟ ಇದ್ದವು. ಕೆಲವು ವಾರ ಚರ್ಚೆ ನಡೆದು ಹೆಸರು ಒಪ್ಪಿಗೆಯಾದರೆ ‘ಮತಕ್ಕೆ ಕರೆ’ ಹೊರಡುತ್ತಿತ್ತು. ಮತದ ಅವಧಿ 21ರಿಂದ 31 ದಿನ. ಮತವನ್ನು ಮತದಾರನೇ ಮಿಂಚಂಚೆಯಲ್ಲಿ ಕಳಿಸಬೇಕು. ಒಬ್ಬನಿಗೆ ನಾಲ್ಕು ವಿಳಾಸಗಳಿದ್ದರೂ ಮತ ಒಂದೇ. ಮೊದಮೊದಲು ಪ್ರಸ್ತಾಪ ಮಾಡಿದವನೇ ಮತ ಎಣಿಸುತ್ತಿದ್ದ. ಮದುವೆಯ ಮುಯ್ಯಿಯನ್ನು ಮದುಮಗನೇ ಕುಳಿತು ಬರೆದುಕೊಂಡಂತೆ ಇದು ಚೆನ್ನಾಗಿ ಕಾಣದಾಯಿತು. ಕ್ರಮೇಣ ಎರಡು ಕಡೆಗೂ ಸೇರದ ಸ್ವಯಂಸೇವಕ ಮತಸಂಗ್ರಾಹಕರ ತಂಡವೊಂದು ಏರ್ಪಟ್ಟು ಎಣಿಕೆ ಅವರ ಕೈಗೆ ಹೋಯಿತು.

ಗೆಲ್ಲಲು ಎರಡು ಷರತ್ತುಗಳಿದ್ದವು, ಎರಡೂ ಈಡೇರಬೇಕು. ಬೇಕೆಂಬ ಮತಗಳು ಬೇಡವೆಂಬ ಮತಗಳಿಗಿಂತ ಕಡಮೆ ಪಕ್ಷ 100 ಹೆಚ್ಚಿರಬೇಕು. ಮತ್ತು ಒಟ್ಟು ಮತಗಳಲ್ಲಿ ಮೂರನೆಯ ಎರಡು ಪಾಲಾದರೂ ಬೇಕೆಂಬವಾಗಿರಬೇಕು. ಒಂದು ಪ್ರಸ್ತಾಪಕ್ಕೆ 140 ಜನ ಬೇಕೆಂದು, 41 ಜನ ಬೇಡವೆಂದು ಹೇಳಿದರೆನ್ನೋಣ. ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಪರವಾಗಿದ್ದರೂ ಅಂತರ 99, ಪ್ರಸ್ತಾಪ ಬಿತ್ತು. 240 ಬೇಕು, 130 ಬೇಡ ಎಂದಾದರೆ ಅಂತರವೇನೋ 110, ಆದರೆ ಪರವಾದವರು ನೂರಕ್ಕೆ 65ಕ್ಕಿಂತ ತುಸು ಕಡಮೆ, ಇದೂ ಬಿತ್ತು. ಮೊದಲ ಷರತ್ತು ಓದುವವರು ಸಾಕಷ್ಟು ಇದ್ದಾರೆಯೆ ಎಂದು ನೋಡುತ್ತದೆ. ಎರಡನೆಯದು ವಿರೋಧ ಎಷ್ಟು ಬಲವಾಗಿದೆ ಎಂದು ನೋಡುತ್ತದೆ. ಸೋತ ಪ್ರಸ್ತಾಪ ಆರು ತಿಂಗಳು ಮತ್ತೆ ಮತಕ್ಕೆ ಬರುವಂತಿರಲಿಲ್ಲ. ಗೆದ್ದ ಪ್ರಸ್ತಾಪವೂ ಆಕ್ಷೇಪಣೆಗಾಗಿ ಐದು ದಿನ ಕಾಯಬೇಕು. ಅನಂತರ ಕೂಟವನ್ನು ತೆರೆಯುವ ಆಜ್ಞಾಪತ್ರ ಹೊರಡುತ್ತಿತ್ತು. ಅದನ್ನು ಬಹುಕಾಲ ಕಳಿಸುತ್ತಿದ್ದವರು ಡೇವಿಡ್ ಲಾರೆನ್ಸ್. ಆಜ್ಞೆ ಎಂಬುದು ಹೆಸರಿಗೆ ಮಾತ್ರ. ತನ್ನ ಗಣಕದಲ್ಲಿ ಆ ಕೂಟವನ್ನು ಇಟ್ಟುಕೊಳ್ಳುವುದೂ ಬಿಡುವುದೂ ಆಯಾ ಮೇಲ್ವಿಚಾರಕನ ಇಷ್ಟ. ಆದ್ದರಿಂದ ಇದು ಚುನಾವಣೆಯಲ್ಲ, ಆಸಕ್ತಿಯ ಎಣಿಕೆ ಅಷ್ಟೇ ಎಂದು ತಿಳಿದವರು ಆಗಾಗ ನೆನಪಿಸುತ್ತಲೇ ಇದ್ದರು. ಆದರೆ ಸೋತವನಿಗೆ ಅದು ಚುನಾವಣೆಯಂತೆಯೇ ಕಂಡಿದ್ದರೆ ಆಶ್ಚರ್ಯವಿಲ್ಲ.

ನಮ್ಮ ಚುನಾವಣೆಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವನ್ನು ಇಲ್ಲಿಯೇ ಹೇಳಬೇಕು. ಮತ ಗುಟ್ಟಾಗಿರಲಿಲ್ಲ. ಫಲಿತಾಂಶದ ಜೊತೆಗೆ ಮತದಾರರ ಹೆಸರು, ವಿಳಾಸ, ಬೇಕೆಂದರೋ ಬೇಡವೆಂದರೋ ಎಂಬುದೆಲ್ಲ ಪ್ರಕಟವಾಗುತ್ತಿತ್ತು. ಕಳ್ಳಮತ ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ತನ್ನ ಮತ ತಪ್ಪಾಗಿ ದಾಖಲಾಗಿದ್ದರೆ ಯಾರಾದರೂ ಎದ್ದು ಹೇಳಬಹುದು. ಆದರೆ ಅಕ್ವೇರಿಯಮ್ಮಿನ ಮೀನುಗಳ ಕೂಟಕ್ಕೆ ಹೆಸರು ಕೊಡುವುದು ಬೇರೆ, ಮನೆಯಲ್ಲಿಯೂ ಹೇಳಿಕೊಳ್ಳಲಾಗದ ಸಂಕಟದ ವಿಚಾರಕ್ಕೆ ತನ್ನ ಕಚೇರಿಯ ವಿಳಾಸದಿಂದ ‘ಬೇಕು’ ಎಂದು ಬರೆಯುವುದು ಬೇರೆ. ಅಂಥ ಕೂಟ ಅತ್ಯಂತ ಅಗತ್ಯವಾಗಿದ್ದವರೇ ಮತ ಹಾಕಲು ಹಿಂಜರಿದಿದ್ದರೆ ಅದು ಸಹಜ. ಮತದಾನದ ಕಾಲಕ್ಕೂ ಮುಂಚೆ, 1983ರಲ್ಲಿ, ಸಲಿಂಗಪ್ರೇಮಿಗಳಿಗಾಗಿ ಒಂದು ಕೂಟ ಹುಟ್ಟಿತ್ತು. ಅದರ ಹೆಸರು ‘ಮಾಟ್ಸ್’: ಒಂದೇ ಲಿಂಗಕ್ಕೆ ಸೇರಿದವರು ಎಂಬರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳು. ಪಟ್ಟಿಯ ಮೇಲೆ ಕಣ್ಣಾಡಿಸಿದವರಿಗೆ ಎದ್ದು ಕಾಣದಂಥ ಹೆಸರನ್ನೇ ಬೇಕೆಂದು ಆರಿಸಿದ್ದರು. ಅದನ್ನು ನೂರು ಜನರ ಹೆಸರು ಹಾಕಿ ಮತಕ್ಕಿಟ್ಟಿದ್ದರೆ ಗೆಲ್ಲುತ್ತಿತ್ತೆ? ನಮಗಂತೂ ಸಂದೇಹ.

ಇನ್ನು ಹೆಸರಿನ ಜಗಳ. 1989ರಲ್ಲಿ ಆ ಅಕ್ವೇರಿಯಮ್ ಪ್ರಿಯರ ಕೂಟದ ಪ್ರಸ್ತಾಪವೇ ಬಂದಿತು. ಮೀನು ಸಾಕುವುದು ಹವ್ಯಾಸ, ಆದ್ದರಿಂದ ಅದರ ಜಾಗ ರೆಕ್ ಕವಲು ಎಂದು ಬಹುಮಂದಿಯ ಅಭಿಪ್ರಾಯ. ಪ್ರಸ್ತಾಪಕರು ಮಾತ್ರ ಸೈ ಕವಲೇ ಆಗಬೇಕೆಂದರು. ವಿಜ್ಞಾನದ ಕೂಟಗಳನ್ನು ಹೆಚ್ಚು ಗಣಕಗಳು ಇಟ್ಟುಕೊಳ್ಳುತ್ತವೆಂಬುದು ಅವರ ಲೆಕ್ಕ. ಮೀನಿನ ತೊಟ್ಟಿ ವಿಜ್ಞಾನವೋ ವಿನೋದವೋ ಎಂಬುದರ ಮೇಲೆ ಬೆಳೆದ ವಾಗ್ವಾದ ಯೂಸ್‌ನೆಟ್ಟಿನ ಪುರಾಣಕಥೆಗಳಲ್ಲೊಂದಾಗಿದೆ. ಕೊನೆಗೆ ಎರಡು ಕವಲುಗಳಲ್ಲೂ ಒಂದೊಂದು ಕೂಟ ಉಳಿಯಿತು. ನಗುವವರು ನಗಲಿ, ಪುಸ್ತಕದ ವರ್ಗೀಕರಣಕ್ಕಾಗಿ ಸಂಜೆಯೆಲ್ಲ ವಾದಿಸಿದ ಗ್ರಂಥಪಾಲಕರು ನಗಲಾರರು.

ಮತದಲ್ಲಿ ಗೆದ್ದೂ ಸೋತ ಪ್ರಸಂಗ ಅದಕ್ಕಿಂತ ಗುರುತರವಾದದ್ದು. 1988ರಲ್ಲಿ ಕಾಮವಿಚಾರದ ಚರ್ಚೆಗೆ ಸೋಕ್ ಕವಲಿನಲ್ಲಿ ಒಂದು ಕೂಟ ಬೇಕೆಂಬ ಪ್ರಸ್ತಾಪ ಮತದಲ್ಲಿ ಗೆದ್ದಿತು. ಬೆನ್ನೆಲುಬಿನ ಮೇಲ್ವಿಚಾರಕರು ಅದನ್ನು ಸಾಗಿಸಲು ಒಪ್ಪಲಿಲ್ಲ. ನಿಯಮ ಪಾಲಿಸಿ ಗೆದ್ದವರಿಗೆ ಬಾಗಿಲು ತೆರೆಯದಿದ್ದರೆ ಅವರು ಹಿತ್ತಿಲ ದಾರಿ ಹುಡುಕುತ್ತಾರೆ. ಆ ದಾರಿ ಆಗಲೇ ಸಿದ್ಧವಾಗಿತ್ತು. 1987ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಒಂದು ಊಟದಂಗಡಿಯಲ್ಲಿ ಬ್ರಯಾನ್ ರೀಡ್, ಜಾನ್ ಗಿಲ್ಮೋರ್, ಗಾರ್ಡನ್ ಮಾಫೆಟ್ ಎಂಬ ಮೂವರು ಕೂಡಿ, ಬೆನ್ನೆಲುಬನ್ನು ಬಳಸದೆ ತಮ್ಮತಮ್ಮಲ್ಲೇ ಓಲೆ ದಾಟಿಸುವ ‘ಆಲ್ಟ್’ ಎಂಬ ಬದಲಿ ಕವಲನ್ನು ಹೂಡಿದ್ದರು. ಅಲ್ಲಿ ಮತವಿಲ್ಲ, ಅಪ್ಪಣೆಯಿಲ್ಲ. ಸೋಕ್ ನಿರಾಕರಿಸಿದ ಕೂಟವನ್ನು ರೀಡ್ ಅಲ್ಲಿ ತೆರೆದರು. ಮಾದಕವಸ್ತುಗಳಿಗೊಂದು ಕೂಟ ಇದ್ದುದರಿಂದ, ಇಂಗ್ಲಿಷಿನ ನುಡಿಗಟ್ಟನ್ನು ಪೂರ್ತಿಮಾಡಲೆಂದು ರಾಕ್ ಸಂಗೀತಕ್ಕೂ ಒಂದನ್ನು ಸೇರಿಸಿದರು. ಬರಬರುತ್ತ ಆಲ್ಟ್ ಕವಲು ಕಾಡಿನಂತೆ ಬೆಳೆಯಿತು. ಓದುವವರೇ ಇಲ್ಲದ ತಮಾಷೆಯ ಹೆಸರುಗಳ ಕೂಟಗಳು ಅಲ್ಲಿ ಬೇಕಾದಷ್ಟು.

ಎಲ್ಲಕ್ಕಿಂತ ದೊಡ್ಡ ಮತದಾನ ನಡೆದದ್ದು 1996ರಲ್ಲಿ. ಬಿಳಿಯರ ಶ್ರೇಷ್ಠತೆಯನ್ನು ಸಾರುವ ಸಂಗೀತಕ್ಕೆ ರೆಕ್ ಕವಲಿನಲ್ಲಿ ಕೂಟ ಬೇಕೆಂಬ ಪ್ರಸ್ತಾಪ ಅದು. ಬೇಡವೆನ್ನಿರೆಂಬ ಸಂದೇಶ ಕೈಯಿಂದ ಕೈಗೆ ಹರಡಿತು. ಬೇಕೆಂದವರು 592, ಬೇಡವೆಂದವರು 33,033. ಜನಾಂಗದ್ವೇಷಕ್ಕೆ ಹೀಗೆ ಸಿಕ್ಕಿದ ಉತ್ತರ ನಮಗೆ ಸಂತೋಷವನ್ನೇ ಕೊಡುತ್ತದೆ. ಆದರೆ ಮತಪತ್ರಗಳನ್ನು ಹೀಗೆ ಹಂಚಿ ಪ್ರಚಾರ ಮಾಡಕೂಡದೆಂಬುದು ಅಲ್ಲಿನ ನಿಯಮ. ಆಸಕ್ತಿಯ ಎಣಿಕೆ ಎಂದು ಹುಟ್ಟಿದ ಪದ್ಧತಿ ಅಂದು ಪೂರಾ ಚುನಾವಣೆಯೇ ಆಗಿಬಿಟ್ಟಿತ್ತು. ಮತ ಮುಗಿದು ಎಷ್ಟೋ ಕಾಲದ ಮೇಲೂ ‘ಬೇಗ ಮತ ಹಾಕಿರಿ’ ಎಂಬ ಓಲೆಗಳು ಸುತ್ತುತ್ತಲೇ ಇದ್ದವು.

ಇಲ್ಲಿ ಒಂದು ತೊಡಕಿನ ಪ್ರಶ್ನೆ ಏಳುತ್ತದೆ. ಒಂದು ಕೂಟಕ್ಕೆ ಎಂದೂ ಕಾಲಿಡದವನಿಗೆ, ಅದು ಇರಬಾರದೆಂದು ಹೇಳುವ ಹಕ್ಕು ಉಂಟೆ? ಖರ್ಚು ಹಂಚಿಕೊಳ್ಳುವವನಾದರೆ ಉಂಟು ಎನ್ನಬಹುದು. ಹೆಸರು ತಪ್ಪು ದಾರಿಗೆಳೆಯುವಂತಿದ್ದರೆ ಬೇಡವೆನ್ನುವುದೂ ನ್ಯಾಯ. ಆದರೆ ಒಂದು ಸಣ್ಣ ಗುಂಪು ತನ್ನ ಮಾತಿಗೆ ತಾವು ಕೇಳುವಾಗ, ಆ ಗುಂಪನ್ನು ಕಂಡರಾಗದ ದೊಡ್ಡ ಗುಂಪು ಬಂದು ಬೇಡವೆಂದರೆ ಲೆಕ್ಕ ಸರಿಯಾಗಿರುತ್ತದೆ, ನ್ಯಾಯ ಆಗಿರುವುದಿಲ್ಲ. ಪರರಾಜ್ಯದಲ್ಲಿ ನೆಲೆಸಿ, ತಾಯ್ನುಡಿಯ ಒಂದು ಶಾಲೆಗೋ ಸಭಾಮಂದಿರಕ್ಕೋ ಅರ್ಜಿ ಹಿಡಿದು ನಿಂತ ಅನುಭವವಿರುವ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾವಿರಕ್ಕೆ ಹತ್ತು ಜನವಿರುವಲ್ಲಿ ಬಹುಮತವನ್ನು ಎಲ್ಲಿಂದ ತರುವುದು? ಮೂರನೆಯ ಎರಡು ಪಾಲಿನ ಷರತ್ತಿನಲ್ಲಿ ಈ ದೋಷ ಹುದುಗಿತ್ತು. ನೂರರ ಷರತ್ತು ಮಾತ್ರ ನಮಗೆ ಸರಿಯೆಂದೇ ತೋರುತ್ತದೆ. ನೂರು ಜನರನ್ನು ಹುಡುಕಿ ಕೂಡಿಸಲಾಗದವರು ಕೂಟ ನಡೆಸುವುದು ಹೇಗೆ?

ಕನ್ನಡಿಗರಿಗೂ ಈ ಜಾಲದಲ್ಲಿ ಒಂದು ತಾವು ದೊರೆತಿತ್ತು. ಸೋಕ್ ಕವಲಿನಲ್ಲಿ ಸಂಸ್ಕೃತಿ, ಅದರಡಿ ಭಾರತ, ಅದರಡಿ ತೆಲುಗು, ಮರಾಠಿ, ಕೇರಳ ಮೊದಲಾದ ಕೂಟಗಳ ಸಾಲಿನಲ್ಲಿ ‘ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ’ ಎಂಬುದೂ ಸೇರಿತು. ಆ ಕಾಲದ ಏರ್ಪಾಡು ರೋಮನ್ ಅಕ್ಷರಗಳನ್ನು ಮಾತ್ರ ಬಲ್ಲದಾಗಿ, ಕನ್ನಡದ ಮಾತನ್ನು ಆ ಲಿಪಿಯಲ್ಲೇ ಕೂಡಿಸಿ ಬರೆಯಬೇಕಿತ್ತು. ಅಂಥ ಬರೆಹದಲ್ಲಿ ‘ಹಳ್ಳಿ’ಗೂ ‘ಹಲ್ಲಿ’ಗೂ ಭೇದ ಉಳಿಯುವುದು ಕಷ್ಟ.

ದೂರವಾಣಿಯ ಬಿಲ್ಲು ಇಳಿದು, ಜಾಗ ಅಗ್ಗವಾಗಿ, ಜನ ಬೇರೆ ತಾಣಗಳಿಗೆ ಸರಿದಂತೆ ಮತ ಹಾಕುವವರೂ ಎಣಿಸುವವರೂ ಕಡಮೆಯಾದರು. 2005ರಲ್ಲಿ ಮತದಾನ ನಿಂತಿತು. 2006ರಿಂದ ಒಂದು ಆಡಳಿತ ಮಂಡಲಿ, ಪ್ರಸ್ತಾಪಗಳ ಮೇಲೆ ಚರ್ಚೆ ಕೇಳಿ ತಾನೇ ತೀರ್ಮಾನಿಸುವ ಕ್ರಮ ಬಂದಿತು. ನಡುವೆ ಮಂಕಾಗಿದ್ದ ಆ ಮಂಡಲಿಗೆ 2020ರಲ್ಲಿ ಹೊಸಬರು ಸೇರಿ ಮರುಜೀವ ಕೊಟ್ಟರು. ಮೊದಲು ಹುಟ್ಟಿದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲೇ ಯೂಸ್‌ನೆಟ್ ಗಣಕವನ್ನು 2010ರಲ್ಲಿ ಮುಚ್ಚಿದರು. ಗೂಗಲ್ ಸಂಸ್ಥೆ 2024ರ ಫೆಬ್ರವರಿ 22ರಿಂದ ಹೊಸ ಓಲೆಗಳನ್ನು ಪಡೆಯುವುದನ್ನೂ ಕಳಿಸುವುದನ್ನೂ ನಿಲ್ಲಿಸಿತು. ಹಳೆಯವನ್ನು ಓದಲು ಇಟ್ಟಿತು. ಎಣಿಕೆಯ ಆ ಉದ್ದುದ್ದ ಪಟ್ಟಿಗಳು, ಬೇಕೆಂದವರ ಹೆಸರು ಒಂದು ಕಡೆ, ಬೇಡವೆಂದವರ ಹೆಸರು ಇನ್ನೊಂದು ಕಡೆ, ಅಂಥ ಸಂಗ್ರಹಗಳಲ್ಲಿ ಉಳಿದುಕೊಂಡಿವೆ.