ಮೂಲವಸ್ತುಗಳ ಪಂಕ್ತಿ

ರಸಾಯನಶಾಸ್ತ್ರದ ತರಗತಿಗಳಲ್ಲಿ ಗೋಡೆಗೆ ತೂಗುಹಾಕಿರುವ ಮೂಲವಸ್ತುಗಳ ಪಟ್ಟಿಯನ್ನು ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ಅದರಲ್ಲಿ ಟೆಲ್ಯೂರಿಯಮ್ ಎಂಬ ವಿರಳವಾದ ವಸ್ತುವೂ, ಗಾಯಕ್ಕೆ ಹಚ್ಚುವ ಔಷಧದಿಂದ ನಮಗೆಲ್ಲ ಪರಿಚಿತವಾದ ಅಯೊಡೀನೂ ಅಕ್ಕಪಕ್ಕದಲ್ಲಿವೆ. ಮೊದಲನೆಯದರ ಪರಮಾಣುಭಾರ 127.6, ಎರಡನೆಯದರದು 126.9. ಹಗುರವಾದುದು ಮೊದಲು, ಭಾರವಾದುದು ಬಳಿಕ ಎಂಬುದೇ ನಿಯಮವಾಗಿದ್ದ ಪಕ್ಷದಲ್ಲಿ ಅಯೊಡೀನು ಮುಂಚೆ ಬರಬೇಕಾಗಿತ್ತು, ಬಂದಿಲ್ಲ. ಈ ಸಣ್ಣ ಅಕ್ರಮದ ಜಾಡನ್ನು ಹಿಡಿದು ಹೊರಟರೆ ಇಡೀ ಪಟ್ಟಿಯ ಮರ್ಮವು ದೊರೆಯುತ್ತದೆ.

1869ರಲ್ಲಿ ರಷ್ಯಾ ದೇಶದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದ ಡಿಮಿಟ್ರಿ ಮೆಂಡಲೀಫನು, ಆಗ ತಿಳಿದಿದ್ದ 63 ಮೂಲವಸ್ತುಗಳನ್ನು ಪರಮಾಣುಭಾರದ ಕ್ರಮದಲ್ಲಿ ಜೋಡಿಸಿದನು. ಹಾಗೆ ಜೋಡಿಸಿದಾಗ ಗುಣಗಳು ಮತ್ತೆ ಮತ್ತೆ ಮರುಕಳಿಸುವುದು ಕಂಡುಬಂದಿತು. ಲಿಥಿಯಮ್ಮಿನ ಸ್ವಭಾವವೇ ಸೋಡಿಯಮ್ಮಿನಲ್ಲಿ, ಅದೇ ಪೊಟ್ಯಾಸಿಯಮ್ಮಿನಲ್ಲಿ. ಸಮಾನಗುಣದವುಗಳನ್ನು ಒಂದು ಸಾಲಿಗೆ ತಂದನು. ಯೋಗ್ಯವಾದ ವಸ್ತು ಸಿಕ್ಕದ ಕಡೆ ಮನೆಯನ್ನು ಖಾಲಿ ಬಿಟ್ಟನು. ಇಂಥ ಯತ್ನ ಮಾಡಿದವರು ಅವನಿಗೆ ಹಿಂದೆಯೂ ಇದ್ದರು. ಖಾಲಿ ಬಿಡುವ ಎದೆಗಾರಿಕೆಯೇ ಅವನ ವೈಶಿಷ್ಟ್ಯವೆಂದು ನನಗೆ ತೋರುತ್ತದೆ.

1875ರಲ್ಲಿ ಅಂಥ ಮನೆಯೊಂದು ತುಂಬಿತು. ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನನು ಗ್ಯಾಲಿಯಮ್ ಲೋಹವನ್ನು ಕಂಡುಹಿಡಿದು, ಅದರ ಸಾಂದ್ರತೆ 4.7 ಎಂದು ಪ್ರಕಟಿಸಿದನು. ಆ ಲೋಹವನ್ನು ಕಣ್ಣಿನಿಂದಲೂ ಕಾಣದಿದ್ದ ಮೆಂಡಲೀಫನು, ಅದು 5.9ರ ಆಸುಪಾಸಿನಲ್ಲಿರತಕ್ಕದ್ದೆಂದು ತಿಳಿಸಿದನು. ಲೋಹವನ್ನು ಶುದ್ಧಿಮಾಡಿ ಮತ್ತೆ ಅಳೆದಾಗ 5.9 ಎಂದೇ ಬಂದಿತು!

ಟೆಲ್ಯೂರಿಯಮ್ಮಿನಲ್ಲಿ ಮಾತ್ರ ಈ ಜಯ ದೊರೆಯಲಿಲ್ಲ. ಅಯೊಡೀನು ಕ್ಲೋರೀನು ಬ್ರೋಮೀನುಗಳ ಬಂಧು. ಟೆಲ್ಯೂರಿಯಮ್ ಗಂಧಕದ ಕುಲಕ್ಕೆ ಸೇರಿದ್ದು. ಭಾರವನ್ನು ನಂಬಿದರೆ ಎರಡೂ ಅನ್ಯರ ಮನೆಯನ್ನು ಹೊಕ್ಕಂತಾಗುವುದು. ಮೆಂಡಲೀಫನು ಗುಣವನ್ನು ನಂಬಿ ಟೆಲ್ಯೂರಿಯಮ್ಮನ್ನು ಮೊದಲು ಇರಿಸಿ, ಅದರ ಭಾರವನ್ನು ಅಳೆದವರೇ ತಪ್ಪಿರಬೇಕೆಂದನು. ಎಷ್ಟು ಸಲ ಅಳೆದರೂ ಭಾರ ಇಳಿಯಲಿಲ್ಲ. ಅವನು ಕೊಟ್ಟ ಸ್ಥಾನ ಸರಿ. ಹೇಳಿದ ಕಾರಣ ಮಾತ್ರ ಸರಿಯಲ್ಲ. ಕೋಬಾಲ್ಟ್ ಮತ್ತು ನಿಕ್ಕಲ್ ಜೋಡಿಯಲ್ಲಿಯೂ ಇದೇ ತೊಡಕಿತ್ತು.

ಈ ಗಂಟನ್ನು ಬಿಡಿಸಿದವನು ಹೆನ್ರಿ ಮೋಸ್ಲೆ ಎಂಬ ಆಂಗ್ಲ ತರುಣ. 1913ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅವನು ಒಂದೊಂದು ಮೂಲವಸ್ತುವಿನಿಂದಲೂ ಹೊರಡುವ ಕ್ಷ-ಕಿರಣಗಳನ್ನು ಪರೀಕ್ಷಿಸಿದನು. ಆ ಕಿರಣಗಳ ಕಂಪನಸಂಖ್ಯೆಯ ವರ್ಗಮೂಲವು, ಒಂದು ವಸ್ತುವಿನಿಂದ ಮುಂದಿನದಕ್ಕೆ, ಮೆಟ್ಟಿಲು ಹತ್ತಿದಂತೆ ಸಮನಾಗಿ ಏರುತ್ತಿತ್ತು. ಪರಮಾಣುಭಾರದಲ್ಲಿ ಅಂಥ ಸಮತೆಯಿಲ್ಲ. ಹೀಗೆ ಒಂದೊಂದಾಗಿ ಏರುವುದು ಪರಮಾಣುವಿನ ಬೀಜದಲ್ಲಿರುವ ಧನವಿದ್ಯುತ್ತಿನ ಮೊತ್ತ: ಕೋಬಾಲ್ಟಿಗೆ 27, ನಿಕ್ಕಲಿಗೆ 28, ಟೆಲ್ಯೂರಿಯಮ್ಮಿಗೆ 52, ಅಯೊಡೀನಿಗೆ 53. ಬೀಜದ ಸುತ್ತ ಇರುವ ಎಲೆಕ್ಟ್ರಾನುಗಳ ಸಂಖ್ಯೆಯೂ ಅಷ್ಟೇ. ಹೊರ ಆವರಣದಲ್ಲಿ ಅವುಗಳ ವಿನ್ಯಾಸ ಮರುಕಳಿಸಿದಾಗ ಗುಣವೂ ಮರುಕಳಿಸುತ್ತದೆ. ಇನ್ನು ಟೆಲ್ಯೂರಿಯಮ್ಮಿನ ಹೆಚ್ಚಿನ ಭಾರ? ಅದು ವಿದ್ಯುತ್ತಿಲ್ಲದ ನ್ಯೂಟ್ರಾನುಗಳದು. ಅವು 1932ರಲ್ಲಿ ಚಾಡ್ವಿಕ್ಕನಿಗೆ ಗೋಚರವಾದುವು.

ಮೋಸ್ಲೆಯ ಮೆಟ್ಟಿಲುಗಳಲ್ಲಿ 43, 61, 75 ಬರಿದಾಗಿದ್ದುವು. ಅವನ್ನು ತುಂಬುವುದನ್ನು ಕಾಣಲು ಅವನು ಉಳಿಯಲಿಲ್ಲ. 1915ರ ಆಗಸ್ಟಿನಲ್ಲಿ, 27ನೆಯ ವಯಸ್ಸಿನಲ್ಲಿ, ಗಲಿಪೊಲಿಯ ಯುದ್ಧದಲ್ಲಿ ಗುಂಡಿಗೆ ಬಲಿಯಾದನು. ರೀನಿಯಮ್ 1925ರಲ್ಲಿಯೂ, ಟೆಕ್ನೀಷಿಯಮ್ 1937ರಲ್ಲಿಯೂ, ಪ್ರೊಮೀಥಿಯಮ್ 1945ರಲ್ಲಿಯೂ ಬಂದು, ಅವನು ಹೇಳಿದ್ದ ಮನೆಗಳನ್ನೇ ಸೇರಿದುವು.