‘ಅಲೋಹ ಓಎ’ ಗೀತದ ಪಾಠಾಂತರಗಳು

ನಮ್ಮ ಶಾಲೆಯಲ್ಲಿ ಓದಿ ಹೋದ ಸೋದರಿಯರಿಗೆ ಒಂದು ಸಂಗತಿಯು ನೆನಪಿರಬಹುದು. ಬೆಳಗಿನ ಪ್ರಾರ್ಥನೆಯ ಒಂದೇ ಕೀರ್ತನೆಯನ್ನು ಒಬ್ಬ ಉಪಾಧ್ಯಾಯಿನಿಯವರು ಮಂದಗತಿಯಲ್ಲಿ ಎಳೆದೆಳೆದು ಹಾಡಿಸುತ್ತಿದ್ದರೆ, ಅವರ ತರುವಾಯ ಬಂದವರು ಅದನ್ನೇ ಚುರುಕಾದ ನಡೆಯಲ್ಲಿ ಹಾಡಿಸುವರು. ಅಕ್ಕ ಕಲಿತುದು ಒಂದು ಬಗೆ, ತಂಗಿ ಕಲಿತುದು ಇನ್ನೊಂದು ಬಗೆ. ಮನೆಯಲ್ಲಿ ಇಬ್ಬರೂ ಕೂಡಿ ಹಾಡತೊಡಗಿದರೆ ಎರಡನೆಯ ಸಾಲಿಗೇ ಜಗಳ. ಯಾವುದು ಸರಿಯೆಂದು ತಾಯಿಯನ್ನು ಕೇಳಿದರೆ, ಆಕೆ ಹಾಡುವುದು ಮೂರನೆಯ ಬಗೆ!

ಇದೇ ಪ್ರಶ್ನೆಯು ಬಹು ವರ್ಷಗಳ ತರುವಾಯ ನಮಗೆ ಬೇರೊಂದು ಎಡೆಯಲ್ಲಿ ಎದುರಾಯಿತು. ಹಳೆಯ ವಿದ್ಯಾರ್ಥಿನಿಯರಾದ ನಾವು ಕೆಲವರು ಹವಾಯಿ ದ್ವೀಪಗಳ ಸ್ಟೀಲ್ ಗಿಟಾರನ್ನು ಕಲಿಯಲೆಳಸಿ, ಆ ವಾದ್ಯದ ಹೆಸರೆತ್ತಿದೊಡನೆ ಎಲ್ಲರ ನೆನಪಿಗೂ ಬರುವ ‘ಅಲೋಹ ಓಎ’ ಎಂಬ ವಿದಾಯಗೀತವನ್ನು ಕೈಗೆತ್ತಿಕೊಂಡೆವು. ಅಲೋಹ ಎಂದರೆ ಪ್ರೀತಿ. ಬಂದವರಿಗೆ ಸ್ವಾಗತವೂ ಅದೇ, ಹೋಗುವವರಿಗೆ ವಂದನೆಯೂ ಅದೇ. ಓಎ ಎಂದರೆ ನೀನು. ಇಷ್ಟು ಚಿಕ್ಕ ಗೀತವನ್ನು ಒಬ್ಬೊಬ್ಬ ವಾದಕನು ಒಂದೊಂದು ಬಗೆಯಾಗಿ ನುಡಿಸಿರುವುದನ್ನು ಕೇಳಿ ನಮಗೆ ದಿಕ್ಕು ತೋರದಾಯಿತು. ನಮ್ಮ ವಿದ್ವಾಂಸರು ಕೃತಿಗಳ ವಿಷಯದಲ್ಲಿ ಪಾಠಾಂತರವೆಂದು ಹೇಳುವರಲ್ಲವೆ? ಅಂತಹ ಪಾಠಾಂತರಗಳನ್ನು ಕಲಿಯುವ ಕ್ರಮವೇನು, ಅವುಗಳಲ್ಲಿ ಉಳಿಸಿಕೊಳ್ಳಬೇಕಾದುದು ಯಾವುದು ಎಂಬುದನ್ನು ನಾವು ಕಂಡುಕೊಂಡ ಮಟ್ಟಿಗೆ ಇಲ್ಲಿ ಅರಿಕೆಮಾಡುವೆವು.

ಮೊದಲು ವಾದ್ಯದ ವಿಷಯ. ಸಾಮಾನ್ಯ ಗಿಟಾರನ್ನು ಎದೆಗಾನಿಸಿ, ಬೆರಳುಗಳಿಂದ ತಂತಿಯನ್ನು ಮೆಟ್ಟಿಲಿಗೆ ಒತ್ತಿ ನುಡಿಸುವರು. ಸ್ಟೀಲ್ ಗಿಟಾರನ್ನಾದರೋ ತೊಡೆಯ ಮೇಲೆ ಅಡ್ಡಲಾಗಿ ಮಲಗಿಸುವರು. ತಂತಿಗಳು ಮೆಟ್ಟಿಲುಗಳಿಂದ ಎತ್ತರದಲ್ಲಿರುವುವು. ಎಡಗೈಯಲ್ಲಿ ಹಿಡಿದ ನುಣುಪಾದ ಉಕ್ಕಿನ ಸಲಾಕೆಯನ್ನು ಅವುಗಳ ಮೇಲೆ ಜಾರಿಸುತ್ತ, ಬಲಗೈಯ ಬೆರಳುಗಳಿಗೆ ನಖಿಗಳನ್ನು ತೊಟ್ಟು ಮೀಟುವರು. ಗೋಟುವಾದ್ಯವನ್ನು ಕೇಳಿರುವವರಿಗೆ ಇದನ್ನು ಬಗೆಬಗೆಯಾಗಿ ವಿವರಿಸಬೇಕಾದುದಿಲ್ಲ. ಸ್ವರದಿಂದ ಸ್ವರಕ್ಕೆ ಹೆಜ್ಜೆಯಿಟ್ಟು ಹೋಗದೆ ಜಾರುತ್ತ ಹೋಗುವುದರಿಂದ, ಈ ವಾದ್ಯದ ನಾದವು ಮನುಷ್ಯಕಂಠಕ್ಕೆ ಬಹಳ ಸಮೀಪವಾದುದು. ಮೆಟ್ಟಿಲುಗಳು ಇಲ್ಲಿ ಕಣ್ಣಿಗೆ ಗುರುತು ಮಾತ್ರ. ಸಲಾಕೆಯು ಕೂದಲೆಳೆಯಷ್ಟು ಸರಿದರೂ ಅಪಸ್ವರವಾಗುವುದರಿಂದ ಕಿವಿಯೇ ಗುರುವು.

ಇನ್ನು ಗೀತದ ಕಥೆ. ಇದನ್ನು ರಚಿಸಿದವರು ಹವಾಯಿಯ ಕಡೆಯ ರಾಣಿಯಾದ ಲಿಲಿಯುಓಕಲಾನಿಯವರು. 1838ರಲ್ಲಿ ಹುಟ್ಟಿದ ಇವರನ್ನು ನಾಲ್ಕು ವರ್ಷದ ಶಿಶುವಾಗಿದ್ದಾಗಲೇ ಅಮೆರಿಕದ ಮಿಷನರಿಗಳು ಅರಸುಮಕ್ಕಳಿಗಾಗಿ ನಡೆಸುತ್ತಿದ್ದ ಶಾಲೆಗೆ ಸೇರಿಸಿದರು. ಸ್ವರಲಿಪಿಯನ್ನು ಓದಿ ಹಾಡುವುದನ್ನು ಅವರು ಕಲಿತುದು ಅಲ್ಲಿಯೇ. ಮುಂದೆ ಹೊನೊಲುಲು ನಗರದ ಕವಾಯಹಾಓ ದೇವಾಲಯದಲ್ಲಿ ಗಾಯನಮೇಳವನ್ನೂ ನಡೆಸಿದರು. 1878ರ ಸುಮಾರಿಗೆ, ಅವರಿನ್ನೂ ರಾಜಕುಮಾರಿಯಾಗಿದ್ದಾಗ, ಓವಾಹು ದ್ವೀಪದ ಮೌನವಿಲಿ ಎಂಬಲ್ಲಿಂದ ಕುದುರೆಯ ಮೇಲೆ ಹಿಂದಿರುಗುತ್ತಿರಲು, ತಮ್ಮ ಸಂಗಡಿಗರಲ್ಲೊಬ್ಬನನ್ನು ಹುಡುಗಿಯೊಬ್ಬಳು ಹೂಮಾಲೆಯಿತ್ತು ಅಪ್ಪಿ ಬೀಳ್ಕೊಟ್ಟುದನ್ನು ಕಂಡು, ದಾರಿಯಲ್ಲಿಯೇ ಈ ಗೀತವನ್ನು ಗುನುಗಿಕೊಂಡರೆಂದು ಹೇಳುವರು. ಅದರ ರಾಗದ ಕೆಲವು ಭಾಗವು ಅಮೆರಿಕದ ಹಳೆಯ ಹಾಡುಗಳನ್ನು ಹೋಲುವುದೆಂದು ಬಲ್ಲವರು ತೋರಿಸಿದ್ದಾರೆ. ಹೀಗೆ ರಚನೆಯೇ ಒಂದು ಬಗೆಯ ಪಾಠಾಂತರವಾಯಿತು. 1883ರಲ್ಲಿ ಹವಾಯಿಯ ರಾಜವಾದ್ಯಮೇಳವು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಇದನ್ನು ನುಡಿಸಿದಾಗ ಸಮುದ್ರದ ಆಚೆಗೂ ಇದರ ಹೆಸರು ಹಬ್ಬಿತು.

1891ರಲ್ಲಿ ಪಟ್ಟಕ್ಕೆ ಬಂದ ಈ ರಾಣಿಯನ್ನು 1893ರ ಜನವರಿಯಲ್ಲಿ ಪದಚ್ಯುತಗೊಳಿಸಲಾಯಿತು. 1895ರಲ್ಲಿ ಅವರ ಪಕ್ಷದವರ ದಂಗೆಯೊಂದು ಮುರಿದುಬಿದ್ದಾಗ, ಅವರನ್ನು ಅವರ ಅರಮನೆಯ ಮಹಡಿಯ ಕೋಣೆಯಲ್ಲಿಯೇ ಸುಮಾರು ಎಂಟು ತಿಂಗಳು ಸೆರೆಯಿಟ್ಟರು. ವೃತ್ತಪತ್ರಿಕೆಗಳಿಗೆ ಅಪ್ಪಣೆಯಿರಲಿಲ್ಲ, ಕಾಗದ ಮತ್ತು ಸೀಸದಕಡ್ಡಿಗೆ ಮಾತ್ರ ಇತ್ತು. ಆ ಕಾಗದದ ಮೇಲೆ ಸ್ವರಲಿಪಿಯ ಗೆರೆಗಳನ್ನು ತಾವೇ ಎಳೆದುಕೊಂಡು, ಮೊದಲಿಗೆ ಯಾವ ವಾದ್ಯವೂ ಇಲ್ಲದಿರಲು ಕಂಠವೊಂದರಿಂದಲೇ ಸ್ವರಗಳನ್ನು ಪರೀಕ್ಷಿಸಿ, ಹಾಡುಗಳನ್ನು ಬರೆದಿಟ್ಟರೆಂದು ಅವರು 1898ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಸೆರೆಮನೆಯಿಂದ ಷಿಕಾಗೋ ನಗರಕ್ಕೆ ಹೋಗಿ ಅಚ್ಚಾದ ಹಾಡುಗಳಲ್ಲಿ ‘ಅಲೋಹ ಓಎ’ ಕೂಡ ಒಂದು. ಅದೇ 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿಹೋದುವು. ಒಬ್ಬ ಹುಡುಗಿಯ ವಿದಾಯವಾಗಿದ್ದ ಹಾಡು, ಒಂದು ಜನಾಂಗವು ತನ್ನ ರಾಜ್ಯವನ್ನು ಬೀಳ್ಕೊಟ್ಟ ಹಾಡಾಯಿತು.

ಈ ಹಾಡು ಹುಟ್ಟಿದಾಗ ಸ್ಟೀಲ್ ಗಿಟಾರು ಇನ್ನೂ ಹುಟ್ಟಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಎಂಬ ಲಾಇಎ ಗ್ರಾಮದ ಹುಡುಗನು, ಹೊನೊಲುಲುವಿನ ಕಮೇಹಮೇಹ ಬಾಲಕರ ಶಾಲೆಯಲ್ಲಿ ಓದುತ್ತಿದ್ದಾಗ ಬಾಚಣಿಗೆ, ಚೂರಿಯ ಬೆನ್ನು ಮುಂತಾದುವುಗಳನ್ನು ತಂತಿಯ ಮೇಲೆ ಜಾರಿಸಿ ನೋಡಿ, ಕಡೆಗೆ ಉಕ್ಕಿನ ಸಲಾಕೆಯನ್ನು ಮಾಡಿಕೊಂಡು ಈ ವಿದ್ಯೆಯನ್ನು ಬೆಳೆಸಿದನು. ಅವನಿಗಿಂತ ಮುಂಚೆಯೇ ಇಂಡಿಯಾದಿಂದ ಹಡಗಿನಲ್ಲಿ ಬಂದ ಗೇಬ್ರಿಯಲ್ ಡೇವಿಯನ್ ಎಂಬವನು ಹೀಗೆ ನುಡಿಸುತ್ತಿದ್ದನೆಂಬ ಹೇಳಿಕೆಯೂ ಉಂಟು. ಆದರೂ ಇದನ್ನು ಒಂದು ಕಲೆಯಾಗಿ ಮಾಡಿದ ಕೀರ್ತಿಯು ಕೆಕುಕುವಿಗೇ ಸಲ್ಲುತ್ತದೆ. 1904ರಲ್ಲಿ ಅವನು ದ್ವೀಪಗಳನ್ನು ಬಿಟ್ಟು ಹೊರಟು ಅಮೆರಿಕ, ಯೂರೋಪುಗಳಲ್ಲಿ ನುಡಿಸಿ, 1932ರಲ್ಲಿ ತೀರಿಕೊಂಡನು. ಆದಕಾರಣ ‘ಅಲೋಹ ಓಎ’ ಗೀತಕ್ಕೆ ಈ ವಾದ್ಯದಲ್ಲಿ ಮೂಲಪಾಠವೆಂಬುದೇ ಇಲ್ಲ. ವಾದಕರೆಲ್ಲರೂ ಹಾಡನ್ನು ತಂತಿಗೆ ತರ್ಜುಮೆ ಮಾಡಿದವರೇ. ಮೂಲವಿರುವುದು ಕಂಠದಲ್ಲಿ.

ಈಗ ಬಾನಿಗಳನ್ನು ನೋಡೋಣ. ಅತಿ ಹಳೆಯ ಬಾನಿಯಲ್ಲಿ ಆರು ತಂತಿಗಳನ್ನು ಪಂಚಮ, ಷಡ್ಜ, ಪಂಚಮ, ಷಡ್ಜ, ಗಾಂಧಾರ, ಪಂಚಮ ಎಂದು ಕೂಡಿಸುವರು. ಸಲಾಕೆಯನ್ನು ನೇರವಾಗಿ ಎಲ್ಲಿಟ್ಟರೂ ಒಂದು ತುಂಬು ಸ್ವರಮೇಳವು ದೊರೆಯುವುದು: ಐದನೆಯ ಮೆಟ್ಟಿಲಿನಲ್ಲಿ ಮಧ್ಯಮದ ಮೇಳ, ಏಳನೆಯದರಲ್ಲಿ ಪಂಚಮದ ಮೇಳ, ಹನ್ನೆರಡರಲ್ಲಿ ಮೇಲಿನ ಷಡ್ಜದ ಮೇಳ. ‘ಅಲೋಹ ಓಎ’ ಗೀತದ ಪಲ್ಲವಿಯು ಮಧ್ಯಮದ ಮೇಳದಲ್ಲಿ ಆರಂಭವಾಗಿ ಷಡ್ಜಕ್ಕೆ ಬಂದು, ಪಂಚಮಕ್ಕೆ ಹೋಗಿ ಮರಳಿ ಷಡ್ಜಕ್ಕೆ ಸೇರುತ್ತದೆ. ಆದುದರಿಂದ ಹೊಸದಾಗಿ ಕಲಿಯುವಾಕೆಯೂ ಈ ಮೂರು ಎಡೆಗಳನ್ನು ಅರಿತರೆ ಹಾಡಿನ ಮೈಕಟ್ಟನ್ನು ತೋರಿಸಬಲ್ಲಳು. ನಡುನಡುವೆ ತಂತಿಯನ್ನು ಅಂಗೈಯಂಚಿನಿಂದ ಹಗುರವಾಗಿ ಮುಟ್ಟಿ ಗಂಟೆಯಂತಹ ನಾದವನ್ನು ಹೊರಡಿಸುವುದು ಈ ಬಾನಿಯ ಒಡವೆ.

ಎರಡನೆಯದು ಸೋಲ್ ಹೋಪೀ ಎಂಬವನ ಬಾನಿ. 1902ರಲ್ಲಿ ಹೊನೊಲುಲುವಿನಲ್ಲಿ ಹುಟ್ಟಿದ ಇವನು ಹದಿಹರೆಯದಲ್ಲಿಯೇ ಹಡಗಿನಲ್ಲಿ ಅಡಗಿಕೊಂಡು ಅಮೆರಿಕಕ್ಕೆ ಹೋದವನು. 1927ರಲ್ಲಿ ಬಂದ ಲೋಹದ ಮೈಯ ಗಟ್ಟಿದನಿಯ ಗಿಟಾರನ್ನು ಹಿಡಿದು, ಆ ಕಾಲದ ಜಾಜ್ ಸಂಗೀತದ ವೇಗವನ್ನೂ ವಕ್ರಗತಿಯನ್ನೂ ಹವಾಯಿಯ ಹಾಡುಗಳಿಗೆ ತಂದನು. ಸಲಾಕೆಯನ್ನು ಓರೆಯಾಗಿ ಹಿಡಿದು ನೇರ ಸಲಾಕೆಗೆ ಸಿಕ್ಕದ ಮೇಳಗಳನ್ನು ಹಿಡಿಯುವುದರಲ್ಲಿಯೂ, ಹೊಸ ಶ್ರುತಿಕ್ರಮಗಳನ್ನು ಹೂಡುವುದರಲ್ಲಿಯೂ ಅವನು ಗಟ್ಟಿಗನು. 1938ರಲ್ಲಿ ಅವನು ಲೌಕಿಕ ರಂಗವನ್ನು ಬಿಟ್ಟು ಸುವಾರ್ತಾಸಭೆಗಳಲ್ಲಿ ಕೀರ್ತನೆಗಳನ್ನು ನುಡಿಸುವವನಾದನು.

ಮೂರನೆಯದು ವಿದ್ಯುತ್ ಗಿಟಾರಿನ ಮಧುರವಾದ ಬಾನಿ. 1932ರ ಸುಮಾರಿಗೆ ವಿದ್ಯುತ್ತಿನ ಸ್ಟೀಲ್ ಗಿಟಾರು ಮಾರಾಟಕ್ಕೆ ಬಂದಮೇಲೆ ಸ್ವರವು ಬೇಗ ಆರಿಹೋಗದೆ ನಿಲ್ಲತೊಡಗಿತು. ನಿಲ್ಲುವ ಸ್ವರವನ್ನು ಅವಸರಪಡಿಸುವ ಅಗತ್ಯವಿಲ್ಲ. 1936ರಲ್ಲಿ ಬಿಂಗ್ ಕ್ರಾಸ್ಬಿ ‘ಅಲೋಹ ಓಎ’ ಗೀತವನ್ನು ಹಾಡಿದಾಗ ಸಂಗಡ ನುಡಿಸಿದುದು ಡಿಕ್ ಮೆಕಿಂಟೈರನ ಮೇಳ. ಹಾಡುವವನಿಗೆ ದಾರಿಬಿಟ್ಟು ಸಾಲುಗಳ ಸಂದಿನಲ್ಲಿ ಮಾತ್ರ ಮೃದುವಾಗಿ ಉತ್ತರ ಕೊಡುವುದು ಅವನ ಮರ್ಯಾದೆ. ಅಮೆರಿಕದ ಒಹಾಯೋ ಪ್ರಾಂತದಲ್ಲಿ 1920ರಲ್ಲಿ ಹುಟ್ಟಿದ ಜೆರ್ರಿ ಬರ್ಡ್ ಈ ಮಾಧುರ್ಯವನ್ನು ತುದಿಮುಟ್ಟಿಸಿದನು. ಷಡ್ಜ, ಗಾಂಧಾರ, ಪಂಚಮಗಳಿಗೆ ಧೈವತವನ್ನೂ ಕೂಡಿಸುವ ಶ್ರುತಿಕ್ರಮದಲ್ಲಿ ಅವನು ಬಲು ನಿಪುಣನು. ಆ ಧೈವತದಿಂದ ಮೇಳಕ್ಕೆ ನಿಟ್ಟುಸಿರಿನಂತಹ ಛಾಯೆಯೊಂದು ಬರುವುದು. 1972ರಲ್ಲಿ ಅವನು ಹೊನೊಲುಲುವಿಗೆ ಹೋಗಿ ನೆಲೆಸಿ, ಅಲ್ಲಿ ಈ ವಾದ್ಯವನ್ನು ಕಲಿಯುವ ತರುಣರು ವಿರಳವಾಗಿದ್ದುದನ್ನು ಕಂಡು, ಆ ನಾಡಿನ ವಿದ್ಯೆಯನ್ನು ಆ ನಾಡಿನ ಮಕ್ಕಳಿಗೇ ಕಲಿಸಿ, 2005ರಲ್ಲಿ ಅಲ್ಲಿಯೇ ಕಣ್ಮುಚ್ಚಿದನು.

ನಾಲ್ಕನೆಯದು ಮಿತಭಾಷಿಯ ಬಾನಿ. ‘ಸನ್ಸ್ ಆಫ್ ಹವಾಯಿ’ ಎಂಬ ಮೇಳದ ಡೇವಿಡ್ ರಾಜರ್ಸನು ತಂದೆಯಿಂದ ಕಲಿತ ಮನೆತನದ ಶ್ರುತಿಕ್ರಮದಲ್ಲಿ ಬೆರಳೆಣಿಕೆಯ ಸ್ವರಗಳನ್ನೇ ನುಡಿಸಿ ಸುಮ್ಮನಾಗುವನು. ಅವನ ಮೌನವೂ ಹಾಡಿನ ಭಾಗವೇ.

ಇಷ್ಟನ್ನು ಈಗ ಕ್ರಮವಾಗಿ ಬರೆಯುತ್ತಿರುವೆವಾದರೂ ನಾವು ಕಲಿತುದು ಕ್ರಮದಿಂದಲ್ಲ. ಮೊದಲಿಗೆ ನಮಗೆ ಮೆಚ್ಚಿಕೆಯಾದುದು ವೇಗದ ಬಾನಿ. ಗ್ರಾಮಫೋನ್ ತಟ್ಟೆಯಲ್ಲಿದ್ದ ಅಲಂಕಾರಗಳನ್ನು ಒಂದನ್ನೂ ಬಿಡದೆ ಕಂಠಪಾಠ ಮಾಡಿ, ಅವುಗಳನ್ನೆಲ್ಲ ‘ಅಲೋಹ ಓಎ’ ಗೀತಕ್ಕೆ ಹೊದಿಸಿ, ನಿವೃತ್ತರಾಗಿ ಊರಿಗೆ ಹೊರಟಿದ್ದ ಉಪಾಧ್ಯಾಯಿನಿಯೊಬ್ಬರ ಬೀಳ್ಕೊಡುಗೆಯ ಕೂಟದಲ್ಲಿ ನುಡಿಸಿದೆವು. ಚಪ್ಪಾಳೆ ಬಿದ್ದಿತು. ಆಮೇಲೆ ಆ ಉಪಾಧ್ಯಾಯಿನಿಯವರೇ ನಮ್ಮನ್ನು ಹತ್ತಿರ ಕರೆದು, “ಬೆರಳು ಬಹಳ ಚೆನ್ನಾಗಿ ಓಡುತ್ತದೆ, ಮಕ್ಕಳೇ. ಆದರೆ ನನ್ನನ್ನು ಕಳುಹಿಸಲು ಇಷ್ಟೊಂದು ಅವಸರವೆ?” ಎಂದು ನಕ್ಕರು. ನಾವೂ ನಕ್ಕೆವು, ಆದರೆ ಆ ಮಾತು ಮನಸ್ಸಿನಲ್ಲಿ ನಾಟಿ ನಿಂತಿತು. ವೇಗವು ತಪ್ಪಲ್ಲ. ಆ ದಿನ, ಆ ಎಡೆಯಲ್ಲಿ, ಆ ಹಾಡಿಗೆ ಅದು ಏಕೆ ಬೇಕೆಂದು ನಾವು ಕೇಳಿಕೊಳ್ಳದೆ ಹೋದುದೇ ತಪ್ಪು.

ಅಂದಿನಿಂದ ನಾವು ಅನುಸರಿಸಿದ ಕ್ರಮವು ಇಂತಿದೆ. ಮೊದಲು ವಾದ್ಯವನ್ನು ಬದಿಗಿಟ್ಟು ಹಾಡನ್ನು ಹಾಡಿ ಕಲಿಯತಕ್ಕದ್ದು. ಉಸಿರು ಎಲ್ಲಿ ನಿಲ್ಲುವುದೋ ಸಲಾಕೆಯೂ ಅಲ್ಲಿ ನಿಲ್ಲಬೇಕು. ಎರಡನೆಯದಾಗಿ, ಅಲಂಕಾರವಿಲ್ಲದ ಬರಿಯ ರಾಗವನ್ನು ಒಂದೇ ತಂತಿಯಲ್ಲಿ ಶುದ್ಧವಾಗಿ ನುಡಿಸಬೇಕು. ಮೂರನೆಯದಾಗಿ, ಒಬ್ಬ ವಾದಕನ ಪಾಠವನ್ನು ಆರಿಸಿಕೊಂಡು, ಅದನ್ನು ಸ್ವರಕ್ಕೆ ಸ್ವರ ನಿಷ್ಠೆಯಿಂದ ಕಲಿಯಬೇಕು. ಇಬ್ಬರು ಮೂವರದನ್ನು ಮೊದಲೇ ಬೆರೆಸಬಾರದು. ನಾಲ್ಕನೆಯದಾಗಿ, ಅವನು ಹಾಗೆ ನುಡಿಸಿದುದಕ್ಕೆ ಕಾರಣವನ್ನು ಹುಡುಕಬೇಕು. ಅವನ ಶ್ರುತಿಕ್ರಮವು ಯಾವುದನ್ನು ಸುಲಭಮಾಡಿತು? ವಾದ್ಯದ ದನಿ ಎಷ್ಟು ಹೊತ್ತು ನಿಲ್ಲುತ್ತಿತ್ತು? ಕುಣಿಯುವವರಿಗಾಗಿ ನುಡಿಸಿದನೋ, ಹಾಡುವವರ ಜೊತೆಗೋ? ಕಾರಣವು ತಿಳಿದ ಅಲಂಕಾರವನ್ನು ನಾವು ಬೇಕಾದೆಡೆ ಇಡಬಲ್ಲೆವು, ಬೇಡದೆಡೆ ಬಿಡಬಲ್ಲೆವು. ಆಮೇಲೆಯೇ ಎರಡನೆಯ ವಾದಕನ ಪಾಠ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಇಬ್ಬರೂ ಬಿಡದಿರುವ ಸ್ವರಗಳು ಯಾವುವೋ ಅವೇ ಹಾಡಿನ ಎಲುಬುಗಳೆಂದು ತಾನಾಗಿಯೇ ಗೋಚರವಾಗುವುದು.

ಈ ನಿಷ್ಠೆಗೆ ಉತ್ತಮ ನಿದರ್ಶನವೊಂದುಂಟು. ಕೆಕುಕುವಿನ ಲಾಇಎ ಗ್ರಾಮದಲ್ಲಿಯೇ ಬೆಳೆದ ತಾಉ ಮೋಯೆ ಎಂಬ ವಾದಕನು ತನ್ನ ಪತ್ನಿ ರೋಸ್ ಎಂಬಾಕೆಯೊಡನೆ ದೇಶದೇಶಗಳನ್ನು ಸುತ್ತಿ, 1940ರ ದಶಕದಲ್ಲಿ ಕೆಲವು ವರ್ಷ ನಮ್ಮ ಕಲ್ಕತ್ತೆಯಲ್ಲಿಯೂ ಇದ್ದನು. ಇವರು 1929ರಲ್ಲಿ ಟೋಕಿಯೋ ನಗರದಲ್ಲಿ ಮುದ್ರಿಸಿದ್ದ ಹಾಡುಗಳನ್ನು ಹಳೆಯ ತಟ್ಟೆಗಳಿಂದ ಕೇಳಿ ಪ್ರೀತಿಸಿದ ಅಮೆರಿಕದ ಬಾಬ್ ಬ್ರೋಜ್ಮನ್ ಎಂಬ ತರುಣನು, ಆ ದಂಪತಿಗಳು ಇನ್ನೂ ಬದುಕಿರುವರೆಂದು ತಿಳಿದು ಬೆರಗಾಗಿ ಅವರಲ್ಲಿಗೆ ಹೋದನು. ಅರುವತ್ತು ವರ್ಷಗಳ ಹಿಂದಿನ ಆ ಹಾಡುಗಳನ್ನು ಅವರೆಲ್ಲರೂ ಕೂಡಿ ಮರಳಿ ಮುದ್ರಿಸಿ, 1989ರಲ್ಲಿ ಹೊರತಂದರು. ಹಳೆಯ ಬಾನಿಯನ್ನು ತರುಣನೊಬ್ಬನು ಶ್ರದ್ಧೆಯಿಂದ ಕಲಿತಿದ್ದುದರಿಂದ, ಹಾಡಿದವರಿಗೇ ಅವರ ಯೌವನದ ಹಾಡು ಹಿಂದಿರುಗಿ ಬಂದಿತು.

ಹಾಗಾದರೆ ಅಕ್ಕನ ಪಾಠವು ಸರಿಯೋ, ತಂಗಿಯದು ಸರಿಯೋ? ಎರಡೂ ಸರಿಯಾಗಬಹುದು, ಎರಡೂ ತಪ್ಪಾಗಬಹುದು ಎಂದೇ ನಾವು ಈಗ ಹೇಳುವೆವು. ‘ಅಲೋಹ ಓಎ’ ಗೀತವನ್ನು ಪ್ರವಾಸಿಗಳ ವಿನೋದಕ್ಕಾಗಿ ಎಷ್ಟೋ ಸಾವಿರ ಸಾರಿ ನುಡಿಸಿದ್ದಾರೆ. ಹಾಗೆ ನುಡಿಸಿ ನುಡಿಸಿ ಅದರ ನೋವು ಸವೆದುಹೋಗುವ ಭಯವೂ ಇದೆ. ಬಾನಿ ಯಾವುದಾದರೂ ಆಗಲಿ. ಸೆರೆಯ ಕೋಣೆಯಲ್ಲಿ ಗೆರೆಯೆಳೆದುಕೊಂಡು ಕುಳಿತ ಆ ರಾಣಿಯ ದನಿಯು ಅದರೊಳಗೆ ಕೇಳಿಬಂದರೆ ಪಾಠವು ಸರಿ.

ಕಳೆದ ಕ್ರಿಸ್ಮಸ್ಸಿನ ರಜೆಯಲ್ಲಿ ನಾವು ಆ ಉಪಾಧ್ಯಾಯಿನಿಯವರ ಊರಿಗೆ ಹೋಗಿ ಅದೇ ಗೀತವನ್ನು ಅವರ ಮನೆಯ ಜಗಲಿಯಲ್ಲಿ ಮತ್ತೆ ನುಡಿಸಿದೆವು. ಮೂರೇ ಮೆಟ್ಟಿಲುಗಳ ಹಳೆಯ ಬಾನಿ, ನಡೆ ಮೆಲ್ಲಗೆ. ಅವರು ಕೊನೆಯವರೆಗೆ ಕಣ್ಣುಮುಚ್ಚಿ ಕೇಳಿ, “ಈಗ ನನಗೆ ಹೊರಡಲು ಮನಸ್ಸೇ ಬರುತ್ತಿರಲಿಲ್ಲ” ಎಂದರು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅವರ ಮಕ್ಕಳಲ್ಲಿಯೂ ಯಾರಾದರೂ ಈ ವಾದ್ಯವನ್ನು ಕೈಗೆತ್ತಿಕೊಂಡು, ತಮ್ಮ ಪಾಠವನ್ನು ನಮ್ಮ ಪಾಠದೊಡನೆ ಹೋಲಿಸಿ ನೋಡುವರೆಂದು ನಾವು ಹಾರೈಸುತ್ತೇವೆ.