ಅವ್ವನ ಮೊಬೈಲ್ ಮತ್ತು ಅರ್ಧ ಎಂಜಿನಿಯರ್

ಬಿ.ಇ. ಸೇರಿದ ಮೇಲೆ ನಮ್ಮೂರಲ್ಲಿ ನನಗೊಂದು ಸಂಬಳವಿಲ್ಲದ ಕೆಲಸ ಸಿಕ್ಕಿದೆ. ಮಿಕ್ಸಿ ತಿರುಗದಿದ್ದರೂ, ಟಿ.ವಿ.ಯಲ್ಲಿ ಚಿತ್ರ ಬಾರದಿದ್ದರೂ ನನಗೇ ಕರೆ. ಹಳಿಯಾಳದಲ್ಲಿ ನಾನು ಓದುತ್ತಿರುವುದು ಸಿವಿಲ್ ಎಂದರೆ, ‘ಎಂಜಿನಿಯರ್ ಅಂದ್ರ ಎಂಜಿನಿಯರ್ ಅಲ್ಲೇನೋ?’ ಎಂದು ಬಾಯಿ ಮುಚ್ಚಿಸುತ್ತಾರೆ.

ಕಳೆದ ಮಳೆಗಾಲದಲ್ಲಿ ಸರದಿ ಅವ್ವನ ಮೊಬೈಲಿನದು. ದಾಂಡೇಲಿ ದಾಟಿ ಜೊಯಿಡಾ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋದಾಗ ಅದು ಅಕ್ಕಿ ಡಬ್ಬಿಯಲ್ಲಿ ಮಲಗಿತ್ತು. ಗದ್ದೆಗೆ ಹೋದಾಗ ನೆನೆದಿತ್ತಂತೆ. ಹೊರತೆಗೆದು ನೋಡಿದರೆ ಕಂಪನಿಯ ಹೆಸರು ಮೂಡುತ್ತದೆ, ಒಮ್ಮೆ ನಡುಗುತ್ತದೆ, ಕತ್ತಲಾಗುತ್ತದೆ. ಮತ್ತೆ ಹೆಸರು, ಮತ್ತೆ ಕತ್ತಲು. ಇದಕ್ಕೆ ‘ಬೂಟ್ ಲೂಪ್’ ಎನ್ನುತ್ತಾರೆ. ಅಕ್ಕಿಯ ಉಪಾಯ ಬೇಡವೆಂದು 2024ರಲ್ಲಿ ಆ್ಯಪಲ್ ಕಂಪನಿಯೇ ಹೇಳಿದೆ. ಅಕ್ಕಿಯ ಪುಡಿ ಒಳಗೆ ಸೇರಿ ಇನ್ನಷ್ಟು ಹಾಳಾಗಬಹುದು.

‘ಹೊಸದು ತಗೊಂಡ್ರಾಯ್ತು ಬಿಡವ್ವಾ’ ಎಂದೆ. ಅವ್ವ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, ‘ಅಜ್ಜಿ ಮಾತು ಅದರಾಗೇ ಅದಾವ’ ಎಂದಳು.

ಬರೆಯಲು ಬಾರದ ಅಜ್ಜಿ ಕೊನೆಯ ವರ್ಷವೆಲ್ಲ ಅವ್ವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಬ್ಯಾಕಪ್ ಇರಲಿಲ್ಲ. ಒಂದು ಕರೆ ಮಾಡಲು ಗುಡ್ಡ ಹತ್ತಬೇಕಾದ ಊರಲ್ಲಿ ಬ್ಯಾಕಪ್ ಎಲ್ಲಿಂದ ಬರಬೇಕು?

ನನಗೆ ಗೊತ್ತಿದ್ದ ಸುಲಭದ ದಾರಿ ಒಂದೇ, ಫ್ಯಾಕ್ಟರಿ ರೀಸೆಟ್. ಹಿಂದಿನ ವರ್ಷ ಹಾಸ್ಟೆಲಿನಲ್ಲಿ ಮುಂಡಗೋಡಿನ ಗೆಳೆಯನ ಫೋನಿಗೂ ಇದೇ ರೋಗ ಬಂದಿತ್ತು. ಎರಡೇ ನಿಮಿಷದಲ್ಲಿ ರೀಸೆಟ್ ಮಾಡಿ ಬೀಗಿದ್ದೆ. ಫೋನ್ ಬದುಕಿತು, ಅವನ ಅಕ್ಕನ ಮದುವೆಯ ಫೋಟೊಗಳೆಲ್ಲ ಹೋದವು. ಈಗಿನ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುತ್ತದೆ. ರೀಸೆಟ್ ಆದರೆ ಅದರ ಕೀಲಿಯೂ ಅಳಿಯುವುದರಿಂದ ಮರಳಿ ಪಡೆಯಲಾಗದು. ‘ಬೇರೆ ದಾರಿ ಇರಲಿಲ್ಲ’ ಎಂದು ಅವನಿಗೆ ಹೇಳಿಬಿಟ್ಟಿದ್ದೆ. ನಿಜವೆಂದರೆ ಬೇರೆ ದಾರಿಯನ್ನು ನಾನು ಹುಡುಕಿರಲೇ ಇಲ್ಲ.

ಈ ಸಲ ಹುಡುಕಿದೆ. ಬೂಟ್ ಲೂಪಿಗೆ ಕಾರಣ ತೀರಾ ಚಿಕ್ಕದೂ ಆಗಿರಬಹುದು. 2020ರಲ್ಲಿ ಒಂದು ಸರೋವರದ ಫೋಟೊವನ್ನು ವಾಲ್‌ಪೇಪರ್ ಮಾಡಿಕೊಂಡಿದ್ದಕ್ಕೇ ಆಂಡ್ರಾಯ್ಡ್ 10ರ ಹಲವು ಫೋನುಗಳು ಹೀಗೆ ಸುತ್ತತೊಡಗಿದ್ದವು. ಬಣ್ಣದ ಲೆಕ್ಕದಲ್ಲಿ 255ರೊಳಗಿರಬೇಕಿದ್ದ ಒಂದು ಸಂಖ್ಯೆ ಅದನ್ನು ದಾಟಿದ್ದೇ ತಪ್ಪು. ಮೆಮೊರಿ ಪೂರ್ತಿ ತುಂಬಿದರೂ, ಅಪ್‌ಡೇಟ್ ಅರ್ಧಕ್ಕೆ ಕೆಟ್ಟರೂ, ಬ್ಯಾಟರಿ ಸೋತರೂ ಹೀಗಾಗುತ್ತದೆ.

ಹಾಗಾಗಿ ಏನೂ ಅಳಿಸದ ಉಪಾಯಗಳಿಂದ ಶುರು ಮಾಡಿದೆ. ಕವರ್, ಸಿಮ್, ಮೆಮೊರಿ ಕಾರ್ಡ್ ತೆಗೆದೆ. ಅದರದೇ ಚಾರ್ಜರಿಗೆ ಅರ್ಧ ಗಂಟೆ ಹಾಕಿದೆ. ಹೆಸರು ಮೂಡುವಾಗ ವಾಲ್ಯೂಮ್ ಕೆಳಗುಂಡಿ ಹಿಡಿದು ಸೇಫ್ ಮೋಡ್‌ಗೆ ಯತ್ನಿಸಿದೆ. ಏನೂ ಆಗಲಿಲ್ಲ. ಪವರ್ ಮತ್ತು ವಾಲ್ಯೂಮ್ ಮೇಲ್ಗುಂಡಿ ಒಟ್ಟಿಗೆ ಒತ್ತಿದಾಗ ರಿಕವರಿ ಪಟ್ಟಿ ತೆರೆಯಿತು. ಅದರಲ್ಲಿ ‘ವೈಪ್ ಕ್ಯಾಶ್’ ಇದ್ದರೆ ಅದು ತಾತ್ಕಾಲಿಕ ಕಡತಗಳನ್ನಷ್ಟೇ ಅಳಿಸುತ್ತದೆ, ಫೋಟೊ, ಸಂದೇಶಗಳಿಗೆ ತೊಂದರೆಯಿಲ್ಲ. ನಾನು ಅದರತ್ತ ಇಳಿಯುವ ಮೊದಲೇ, ಯಾರೂ ಮುಟ್ಟದೆ, ಮೊದಲ ಸಾಲಿನ ‘ರೀಬೂಟ್’ ತಾನೇ ಆಯ್ಕೆಯಾಗಿ ಫೋನ್ ಆರಿತು!

ಆ ಪಟ್ಟಿಯಲ್ಲಿ ಆಯ್ಕೆ ಮಾಡುವುದು ಪವರ್ ಗುಂಡಿ. ನಾನು ಒತ್ತದಿದ್ದರೆ ಒತ್ತಿದ್ದು ಯಾರು? ಟಾರ್ಚ್ ಹಿಡಿದು ನೋಡಿದೆ. ಗುಂಡಿಯ ಸಂದಿಯಲ್ಲಿ ಗದ್ದೆಯ ಕೆಂಪು ಮಣ್ಣು ಒಣಗಿ ಕೂತಿತ್ತು. ಗುಂಡಿ ಒಳಗೇ ಸಿಕ್ಕಿಕೊಂಡಿತ್ತು. ಪವರ್ ಗುಂಡಿಯನ್ನು ಹಿಡಿದೇ ಇದ್ದರೆ ಫೋನ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುವುದು ಸಹಜ. ಒಂದು ಕ್ಷಣ ಬೆವರಿದೆ. ಬೆಳಕಿನ ಪಟ್ಟಿ ಎರಡು ಸಾಲು ಕೆಳಗಿದ್ದಿದ್ದರೆ ಆ ಗುಂಡಿ ರೀಸೆಟ್ಟನ್ನೇ ಆರಿಸುತ್ತಿತ್ತೇನೋ.

ರಾತ್ರಿಯಿಡೀ ಬಿಟ್ಟು ಚಾರ್ಜ್ ಮುಗಿಸಿದೆ. ಬೆಳಿಗ್ಗೆ ಮೆತ್ತನೆಯ ಒಣ ಟೂತ್‌ಬ್ರಷ್‌ನಿಂದ ಮಣ್ಣು ಕೆರೆದು, ಗುಂಡಿಯನ್ನು ಹತ್ತಾರು ಸಲ ಒತ್ತಿ ಬಿಟ್ಟೆ. ಕೊನೆಗೊಮ್ಮೆ ‘ಟಕ್’ ಎಂದು ಹೊರಬಂತು. ಚಾರ್ಜರಿಗೆ ಹಾಕಿ ಆನ್ ಮಾಡಿದೆ. ಹೆಸರು ಮೂಡಿತು, ನಡುಗಿತು, ಅವ್ವನ ವಾಲ್‌ಪೇಪರಿನ ಉಳವಿ ದೇವಸ್ಥಾನ ಕಾಣಿಸಿತು.

ಮೊದಲು ಮಾಡಿದ ಕೆಲಸ, ಕೇಬಲ್ ಹಾಕಿ ಅಜ್ಜಿಯ ಮಾತುಗಳನ್ನೆಲ್ಲ ಲ್ಯಾಪ್‌ಟಾಪಿಗೆ, ಪೆನ್‌ಡ್ರೈವಿಗೆ ಇಳಿಸಿದ್ದು. ಗುಂಡಿ ಮತ್ತೆ ಕೈಕೊಡಬಾರದೆಂದು ಮರುದಿನ ದಾಂಡೇಲಿಯ ಅಂಗಡಿಯಲ್ಲಿ 250 ರೂಪಾಯಿ ಕೊಟ್ಟು ಒಳಗಿನ ಸ್ವಿಚ್ ಬದಲಿಸಿದೆ. ಗೆಳೆಯರೇ, ನಿಮ್ಮ ಫೋನ್ ಚೆನ್ನಾಗಿರುವಾಗಲೇ ಆ ಮೊದಲ ಕೆಲಸ ಮುಗಿಸಿಬಿಡಿ. ರೀಸೆಟ್ ಅನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ.

ಅವ್ವ ಒಲೆ ಮುಂದೆ ಕೂತು ಒಂದು ಸಂದೇಶ ಒತ್ತಿದಳು. ‘ಉಂಡ್ಯಾ? ಹುಡುಗ ಹಳಿಯಾಳದಿಂದ ಬಂದ್ನಾ?’ ಎಂದಿತು ಅಜ್ಜಿಯ ದನಿ.

ನಾನು ಗುಡ್ಡ ಹತ್ತಿ ಮುಂಡಗೋಡಿನ ಗೆಳೆಯನಿಗೆ ಕರೆ ಮಾಡಿದೆ. ‘ಅವತ್ತು ಬೇರೆ ದಾರಿ ಇತ್ತು ಕಣೋ. ನಾನೇ ನೋಡಲಿಲ್ಲ’ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೊತ್ತಿತ್ತು ಬಿಡು’ ಎಂದ.